ಗಿಟಾರಿನ ಬೆನ್ನು ನೋಡಿ ಕೊಳ್ಳಿ

ಗಿಟಾರ್ ಕೊಳ್ಳುವ ಮಾತು ಬಂದಾಗಲೆಲ್ಲ ಐದಾರು ಹೆಸರುಗಳೇ ಸುತ್ತಿ ಸುತ್ತಿ ಬರುತ್ತವೆ: ಯಮಾಹಾ, ಫೆಂಡರ್, ಗಿಬ್ಸನ್, ಮಾರ್ಟಿನ್, ಟೇಲರ್. ಈ ಹೆಸರುಗಳ ಬಗ್ಗೆ ನನಗೆ ಗೌರವವಿದೆ. 1833ರಿಂದ ಒಂದೇ ಮನೆತನದ ಒಡೆತನದಲ್ಲಿರುವ ಮಾರ್ಟಿನ್ ಕಾರ್ಖಾನೆ ಇಲ್ಲದಿದ್ದರೆ ಉಕ್ಕಿನ ತಂತಿಯ ಗಿಟಾರ್ ಇವತ್ತಿನ ರೂಪಕ್ಕೆ ಬರುತ್ತಿರಲಿಲ್ಲ. ಆದರೂ ಗೆಳೆಯರು, ಗೆಳೆಯರ ಮಕ್ಕಳು ಸಲಹೆ ಕೇಳಿದಾಗ ನಾನು ಬೇರೆ ಹೆಸರುಗಳನ್ನು ಹೇಳುತ್ತೇನೆ. ಸೀಗಲ್, ಮೇಟನ್, ಯೈರಿ, ಫುರ್ಖ್. ಕೇಳಿದವರ ಮುಖದಲ್ಲಿ ಅನುಮಾನ ಮೂಡುತ್ತದೆ. ಹೆಸರೇ ಕೇಳಿಲ್ಲವಲ್ಲ, ಹಾಗಾದರೆ ಚೆನ್ನಾಗಿರುತ್ತದೆಯೇ ಎಂಬ ಅನುಮಾನ.

ವೀಣೆ, ತಂಬೂರಿಗಳ ವಿಷಯದಲ್ಲಿ ನಾವು ಹೀಗೆ ಯೋಚಿಸುವುದಿಲ್ಲ. ಧಾರವಾಡದ ಕಡೆಯ ಹಾಡುಗಾರರು ತಂಬೂರಿ ಬೇಕೆಂದರೆ ಮಿರಜಕ್ಕೆ ಹೋಗುತ್ತಾರೆ. ಯಾವ ಮನೆತನದವರು ಮಾಡಿದ್ದು, ಕುಂಬಳಬುರುಡೆ ಹೇಗಿದೆ, ಜವಾರಿ (ತಂತಿಗೆ ಝೇಂಕಾರ ಕೊಡುವ ಕುದುರೆಯ ಹದ) ಹೇಗೆ ಕೂತಿದೆ ಎಂದು ವಿಚಾರಿಸುತ್ತಾರೆ. ಮೈಸೂರಿನಲ್ಲಿ ವೀಣೆ ಕೊಳ್ಳುವವರು ಹಲಸಿನ ಮರ ಎಷ್ಟು ವರ್ಷ ಒಣಗಿದ್ದು ಎಂದು ಕೇಳುತ್ತಾರೆ. ಮಾಡಿದವರು ಯಾರು, ಮರ ಯಾವುದು ಎಂಬ ಈ ಎರಡು ಪ್ರಶ್ನೆಗಳು ನಮ್ಮ ವಾದ್ಯಪರಂಪರೆಯಲ್ಲಿ ಮೊದಲಿನಿಂದಲೂ ಇವೆ. ಗಿಟಾರಿನ ಅಂಗಡಿಗೆ ಕಾಲಿಟ್ಟ ಕೂಡಲೇ ಅವನ್ನು ಮರೆತು, ತಲೆಯ ತುದಿಯಲ್ಲಿ ಬರೆದ ಹೆಸರನ್ನು ಓದತೊಡಗುತ್ತೇವೆ. ಅದೇ ಎರಡು ಪ್ರಶ್ನೆಗಳನ್ನು ಗಿಟಾರಿಗೂ ಕೇಳಿದರೆ ಹೆಚ್ಚು ಪ್ರಚಾರವಿಲ್ಲದ ಕೆಲವು ತಯಾರಕರು ಎಷ್ಟು ಎತ್ತರದಲ್ಲಿ ನಿಲ್ಲುತ್ತಾರೆ ಎಂಬುದು ಗೊತ್ತಾಗುತ್ತದೆ.

ಗಿಟಾರಿನ ನಾದ ಹುಟ್ಟುವುದು ಮುಖ್ಯವಾಗಿ ಅದರ ಮುಂಭಾಗದ ಹಲಗೆಯಲ್ಲಿ, ಅಂದರೆ ಟಾಪ್‌ನಲ್ಲಿ. ಮೂರು ಮಿಲಿಮೀಟರಿಗಿಂತ ಹೆಚ್ಚು ದಪ್ಪವಿರದ ಆ ಹಲಗೆ ಸುಮಾರು ಎಪ್ಪತ್ತು ಕಿಲೋ ತೂಕದಷ್ಟು ತಂತಿಗಳ ಎಳೆತವನ್ನು ವರ್ಷಗಟ್ಟಲೆ ತಾಳಬೇಕು, ಜೊತೆಗೆ ಬೆರಳಿನ ಚಿಕ್ಕ ಮೀಟಿಗೂ ನಡುಗಬೇಕು. ಹಲಗೆ ಒಂದೇ ಮರದ್ದಾಗಿದ್ದರೆ ಅದನ್ನು ಸಾಲಿಡ್ ಟಾಪ್ ಎನ್ನುತ್ತಾರೆ. ತೆಳುಪದರಗಳನ್ನು ಅಂಟಿಸಿ ಮಾಡಿದ್ದಾದರೆ ಅದು ಪ್ಲೈವುಡ್. ಪ್ಲೈವುಡ್ ಗಟ್ಟಿ, ಬಾಳಿಕೆಯೂ ಹೆಚ್ಚು, ಆದರೆ ಅಷ್ಟು ನಡುಗುವುದಿಲ್ಲ. ವರ್ಷಗಳು ಕಳೆದರೂ ಅದರ ದನಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಸಾಲಿಡ್ ಟಾಪ್ ನುಡಿಸಿದಷ್ಟೂ ತೆರೆದುಕೊಳ್ಳುತ್ತದೆ ಎಂದು ವಾದಕರು ಹೇಳುತ್ತಾರೆ, ನನ್ನ ಕಿವಿಯೂ ಒಪ್ಪುತ್ತದೆ. ಪ್ರಸಿದ್ಧ ಕಂಪನಿಗಳ ಕೆಳದರ್ಜೆಯ ಮಾದರಿಗಳಲ್ಲಿ ನೀವು ಕೊಡುವ ಹಣದ ಒಂದು ಪಾಲು ಹೆಸರಿಗೆ ಹೋಗುತ್ತದೆ. ಅಷ್ಟೇ ಹಣಕ್ಕೆ ಕಡಿಮೆ ಹೆಸರಿನ ತಯಾರಕರು ಒಳ್ಳೆಯ ಮರ ಕೊಡುತ್ತಾರೆ. ನನ್ನ ವಾದದ ಲೆಕ್ಕಾಚಾರದ ಭಾಗ ಇಷ್ಟೇ. ಉಳಿದದ್ದು ಕಾಡಿನ ಕತೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಲಾ ಪಾತ್ರಿ ಎಂಬ ಪುಟ್ಟ ಊರಿದೆ. 1972ರಲ್ಲಿ ರಾಬರ್ಟ್ ಗೊಡಿನ್ ಅಲ್ಲಿ ಗಿಟಾರ್ ತಯಾರಿಕೆ ಆರಂಭಿಸಿದರು. 1982ರಲ್ಲಿ ಸೀಗಲ್ ಎಂಬ ಹೆಸರಿನಲ್ಲಿ ಬಂದ ಗಿಟಾರುಗಳ ಉದ್ದೇಶ ಸರಳವಾಗಿತ್ತು: ದುಬಾರಿ ಕೈಕೆಲಸದ ಗಿಟಾರುಗಳಲ್ಲಿ ನಾದಕ್ಕೆ ನಿಜವಾಗಿ ಬೇಕಾದುದು ಏನೇನಿದೆಯೋ ಅದನ್ನು ಉಳಿಸಿಕೊಳ್ಳುವುದು, ಅಲಂಕಾರವನ್ನು ಬಿಡುವುದು. ಹೀಗಾಗಿ ಸಾಲಿಡ್ ಸೀಡರ್ ಟಾಪ್ ಬಂತು. ಚಿಪ್ಪಿನ ಕೆತ್ತನೆ, ಕನ್ನಡಿಯಂಥ ಹೊಳಪು ಹೋದವು. ಬೆನ್ನಿಗೂ ಪಕ್ಕಗಳಿಗೂ ಅವರು ಆರಿಸಿಕೊಂಡದ್ದು ಕಾಡುಚೆರಿ ಮರ. ದೂರದ ಉಷ್ಣವಲಯದ ಬೆಲೆಬಾಳುವ ಮರಕ್ಕೆ ಕೈಚಾಚದೆ ತಮ್ಮ ಸೀಮೆಯ ಮರವನ್ನೇ ಮೂರು ಪದರವಾಗಿ ಅಂಟಿಸಿ ಬಳಸಿದರು. ನೆಕ್‌ಗೆ, ಅಂದರೆ ತಂತಿಗಳು ಹಾಯುವ ಉದ್ದನೆಯ ಕತ್ತಿಗೆ, ಅಲ್ಲಿನದೇ ಮೇಪಲ್.

ಸೀಗಲ್ ಎಸ್6 ಗಿಟಾರಿನ ಹೆಡ್‌ಸ್ಟಾಕ್, ಅಂದರೆ ಬಿರಡೆಗಳಿರುವ ತಲೆ, ತುದಿಗೆ ಹೋದಂತೆ ಕಿರಿದಾಗುತ್ತದೆ. ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುವ ಈ ಆಕಾರಕ್ಕೆ ಕಾರಣವಿದೆ. ತಂತಿಗಳು ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಿರಡೆಯವರೆಗೆ ಬಹುತೇಕ ನೇರವಾಗಿ ಹೋಗುವುದರಿಂದ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ, ಶ್ರುತಿ ಚೆನ್ನಾಗಿ ನಿಲ್ಲುತ್ತದೆ. ನಟ್‌ನ ಅಗಲ ಸುಮಾರು 46 ಮಿಲಿಮೀಟರ್. ಸಾಮಾನ್ಯ ಗಿಟಾರುಗಳಲ್ಲಿ ಇದು 43ರ ಆಸುಪಾಸು. ಮೂರು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಿಸಬಹುದು. ಪಿಕ್ ಬಿಟ್ಟು ಬೆರಳುಗಳಿಂದ ನುಡಿಸುವವರಿಗೆ ಅದು ದೊಡ್ಡ ಅಂತರ. ಒಂದು ತಂತಿ ಒತ್ತಿದ ಬೆರಳು ಪಕ್ಕದ ತಂತಿಯ ದನಿ ಅಡಗಿಸುವುದಿಲ್ಲ. ಸೀಡರ್ ಮೃದುವಾದ ಮರ, ಹಗುರ ಮೀಟಿಗೂ ಬೆಚ್ಚಗೆ ಉತ್ತರ ಕೊಡುತ್ತದೆ. ಬಿರುಸಾಗಿ ಸ್ಟ್ರಮ್ ಮಾಡುವವರು ಸ್ಪ್ರೂಸ್ ಮರದ ಟಾಪ್ ನೋಡುವುದು ವಾಸಿ. ಜೋರಾಗಿ ಬಾರಿಸಿದರೆ ಸೀಡರ್ ಒಂದು ಹಂತದ ಮೇಲೆ ಬೆಳೆಯುವುದಿಲ್ಲ. ನಾನು ಬೆರಳಿನಿಂದ ನುಡಿಸುವವನು, ಹಂಸಧ್ವನಿಯನ್ನೋ ಮೋಹನವನ್ನೋ ನಿಧಾನವಾಗಿ ಬೆಳೆಸುತ್ತ ಕೂರುವವನು. ನನ್ನ ಮನೆಯಲ್ಲಿರುವುದು ಸೀಡರ್.

ಅದೇ ಗೊಡಿನ್ ಬಳಗದಲ್ಲಿ ಆರ್ಟ್ ಅಂಡ್ ಲೂಥರಿ, ನಾರ್ಮನ್, ರಾಬರ್ಟ್ ಗೊಡಿನ್ ಅವರ ಇಬ್ಬರು ಗಂಡುಮಕ್ಕಳ ಹೆಸರಿನ ಸೈಮನ್ ಅಂಡ್ ಪ್ಯಾಟ್ರಿಕ್, ನೈಲಾನ್ ತಂತಿಯ ಲಾ ಪಾತ್ರಿ ಎಲ್ಲ ಬಂದಿವೆ. ಸುಧಾರಿಸಿಕೊಂಡು ಹೋಗುವ ಬಜೆಟ್ ಇರುವವರಿಗೆ ಇಷ್ಟು ಪ್ರಾಮಾಣಿಕವಾದ ಇನ್ನೊಂದು ಬಳಗ ನನಗೆ ಕಂಡಿಲ್ಲ.

ಇನ್ನು ಬೀಟೆ. ನಾನು ಮಲೆನಾಡಿನವನು. ಗೆಳೆಯನೊಬ್ಬ ಅಮೆರಿಕದಿಂದ ತಂದ ಗಿಟಾರನ್ನು ನಮ್ಮ ಊರಿನ ಮನೆಯಲ್ಲಿ ಇಟ್ಟಿದ್ದಾಗ ಸೋದರಮಾವ ಅದನ್ನು ತಿರುಗಿಸಿ ಬೆನ್ನ ಮೇಲೆ ಕೈಯಾಡಿಸಿ, “ಇದು ನಮ್ಮ ಬೀಟೆ ಅಲ್ಲವೇನೋ?” ಎಂದರು. ಹೌದು, ಬೀಟೆಯೇ. ಗಿಟಾರ್ ಲೋಕ ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ಪಶ್ಚಿಮಘಟ್ಟದ ನಮ್ಮ ಬೀಟೆ ಮರವನ್ನೇ. ನಮ್ಮ ಹಳೆಯ ಮನೆಗಳ ಕಂಬಗಳಲ್ಲಿ, ಅಜ್ಜಂದಿರ ಮಂಚಗಳಲ್ಲಿ, ಮೈಸೂರಿನ ಕುಸುರಿ ಕೆಲಸದ ಹಲಗೆಗಳಲ್ಲಿ ಇರುವ ಅದೇ ಕಪ್ಪುಗೆಂಪು ಗೆರೆಗಳು ಜಗತ್ತಿನ ಎಲ್ಲ ದೊಡ್ಡ ಕಂಪನಿಗಳ ಗಿಟಾರುಗಳ ಬೆನ್ನಿನಲ್ಲಿ ಇವೆ.

ಮೊದಲಿನಿಂದಲೂ ಹೀಗಿರಲಿಲ್ಲ. ಮಾರ್ಟಿನ್‌ನ ಒಳ್ಳೆಯ ಗಿಟಾರುಗಳು ಬ್ರೆಜಿಲ್ಲಿನ ರೋಸ್‌ವುಡ್‌ನಿಂದ ಆಗುತ್ತಿದ್ದವು. 1960ರ ದಶಕದಲ್ಲಿ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು, ಒಳ್ಳೆಯ ಮರ ಸಿಗುವುದು ಕಷ್ಟವಾಯಿತು. 1969ರ ಕೊನೆಯ ಹೊತ್ತಿಗೆ ಮಾರ್ಟಿನ್ ಭಾರತದ ಬೀಟೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. 1992ರಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. 2017ರ ಜನವರಿಯಲ್ಲಿ ಬೀಟೆಯೂ ಸೇರಿದಂತೆ ಆ ಕುಲದ ಉಳಿದ ಮರಗಳನ್ನೂ ಅದೇ ಒಪ್ಪಂದದ ಎರಡನೇ ಪಟ್ಟಿಗೆ ತಂದರು. ಗಿಟಾರ್ ಮಾರುವವರೆಲ್ಲ ಪರವಾನಗಿ ಪತ್ರಗಳ ಹಿಂದೆ ಓಡಬೇಕಾಯಿತು. 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಭಾರತದಿಂದ ಬೀಟೆಯ ದಿಮ್ಮಿಯನ್ನು ಹಾಗೆಯೇ ಹೊರಗೆ ಕಳಿಸುವಂತಿಲ್ಲ. ದಕ್ಷಿಣದ ಸಾಮಿಲ್ಲುಗಳಲ್ಲಿ ಗಿಟಾರಿನ ಅಳತೆಗೆ ತೆಳುವಾಗಿ ಸೀಳಿ, ಭಾಗಗಳ ರೂಪದಲ್ಲಿ ಕಳಿಸುತ್ತಾರೆ.

ಬೀಟೆಯ ಗಿಟಾರ್ ಬೇಡ ಎಂದು ನಾನು ಹೇಳುತ್ತಿಲ್ಲ. ಅದರ ನಾದದ ಆಳ, ಮಂದ್ರದ ತೂಕ ನನಗೂ ಇಷ್ಟ. ಆದರೆ ಒಳ್ಳೆಯ ಗಿಟಾರ್ ಎಂದರೆ ಬೀಟೆಯ ಬೆನ್ನೇ ಇರಬೇಕು ಎಂಬ ನಂಬಿಕೆ ಹುಟ್ಟಿದ್ದು ಮಾರುಕಟ್ಟೆಯ ಅಭ್ಯಾಸದಿಂದ. ಒಂದು ಬೀಟೆ ಮರ ಹದವಾಗಲು ಮನುಷ್ಯನ ಒಂದು ಆಯುಸ್ಸು ಸಾಲದು. ನಮ್ಮ ಕಾಡಿನಲ್ಲಿ ದೊಡ್ಡ ಬೀಟೆಗಳು ಎಷ್ಟು ವಿರಳವಾಗಿವೆ ಎಂಬುದನ್ನು ಕಣ್ಣಾರೆ ಕಂಡ ನನಗೆ, ಬೇರೆ ಮರದಿಂದಲೂ ಒಳ್ಳೆಯ ಗಿಟಾರ್ ಮಾಡಿ ತೋರಿಸಿದ ತಯಾರಕರ ಮೇಲೆ ವಿಶೇಷ ಪ್ರೀತಿ. ಕಾಡುಚೆರಿಯ ಸೀಗಲ್‌ನಿಂದ ಆ ಪ್ರೀತಿ ಶುರುವಾಯಿತು, ಮೇಟನ್‌ನಲ್ಲಿ ಬೇರೂರಿತು.

ಮೇಟನ್ ಆಸ್ಟ್ರೇಲಿಯಾದ್ದು. 1946ರಲ್ಲಿ ಮೆಲ್ಬರ್ನಿನಲ್ಲಿ ಬಿಲ್ ಮೇ ಎಂಬ ಜ್ಯಾಸ್ ವಾದಕ, ಮರಗೆಲಸದ ಮೇಷ್ಟ್ರು, ತಮ್ಮ ಸಹೋದರ ರೆಜ್ ಜೊತೆ ಸೇರಿ ಕಟ್ಟಿದ ಕಂಪನಿ. ಒಳ್ಳೆಯ ಗಿಟಾರ್ ಎಂದರೆ ಅಮೆರಿಕದಿಂದ ಬರಬೇಕು ಎಂದು ಎಲ್ಲರೂ ನಂಬಿದ್ದ ಕಾಲವದು. ಬಿಲ್ ಮೇ ತಮ್ಮ ನೆಲದ ಮರಗಳನ್ನು ಹಿಡಿದರು: ಕ್ವೀನ್ಸ್‌ಲ್ಯಾಂಡ್ ಮೇಪಲ್, ಬ್ಲ್ಯಾಕ್‌ವುಡ್, ಆಮೇಲೆ ಬುನ್ಯಾ. 1963ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ತಮ್ಮ ಗಿಟಾರ್ ರಿಪೇರಿಗೆ ಹೋಗಿದ್ದಾಗ ಕೆಲವು ಕಾಲ ನುಡಿಸಿದ್ದು ಮೇಟನ್‌ನ ಒಂದು ಎಲೆಕ್ಟ್ರಿಕ್ ಗಿಟಾರನ್ನು. ಟಾಮಿ ಎಮ್ಯಾನ್ಯುಯೆಲ್ ಎಂಬ ಅಸಾಧಾರಣ ವಾದಕ ದಶಕಗಳಿಂದ ಮೇಟನ್ ಹಿಡಿದೇ ಲೋಕ ಸುತ್ತಿದ್ದಾರೆ. ಒಂದೇ ಗಿಟಾರಿನಿಂದ ಬಾಸ್, ತಾಳ, ರಾಗ ಮೂರನ್ನೂ ಹೊರಡಿಸುವ ಅವರ ವಾದನವನ್ನು ಕೇಳಿದವರು ಆ ವಾದ್ಯದ ಗಟ್ಟಿತನವನ್ನೂ ಗಮನಿಸಿರುತ್ತಾರೆ.

ಬ್ಲ್ಯಾಕ್‌ವುಡ್ ಎಂದರೆ ಒಂದು ಬಗೆಯ ಅಕೇಶಿಯಾ. ಹವಾಯಿಯ ಪ್ರಸಿದ್ಧ ಕೋವಾ ಮರವೂ ಅದೇ ಕುಲದ್ದು. ಮಲೆನಾಡಿನವರಿಗೆ ಅಕೇಶಿಯಾ ಎಂದ ಕೂಡಲೇ ಮೈ ಉರಿಯುತ್ತದೆ, ನನಗೂ ಉರಿಯುತ್ತದೆ. ಸಹಜಕಾಡು ಇದ್ದ ಗುಡ್ಡಗಳಲ್ಲಿ ಸಾಲುಗಟ್ಟಿ ನೆಟ್ಟ ನೆಡುತೋಪುಗಳು ಯಾರಿಗೆ ಗೊತ್ತಿಲ್ಲ? ನಮ್ಮಲ್ಲಿ ನೆಟ್ಟದ್ದು ಬೇರೆ ಜಾತಿಯ ಅಕೇಶಿಯಾ, ಅದೂ ಆಸ್ಟ್ರೇಲಿಯಾ ಕಡೆಯಿಂದಲೇ ಬಂದದ್ದು. ಅದರ ಮರದಿಂದ ಬಾಗಿಲು, ಮಂಚ, ಕುರ್ಚಿ ಮಾಡುತ್ತಾರೆ. ಗಿಟಾರಿನ ಬೆನ್ನಿಗೆ ಅದು ಒಗ್ಗುತ್ತದೆಯೇ ಎಂಬ ಪ್ರಶ್ನೆ ಮೇಟನ್ ನೋಡಿದ ದಿನದಿಂದ ನನ್ನ ತಲೆ ಬಿಟ್ಟಿಲ್ಲ. ಬುನ್ಯಾದ ಕತೆ ಇನ್ನೂ ಸೊಗಸು. ಅದು ಅರೌಕೇರಿಯಾ ಕುಲದ ಮರ, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಆಕಾಶಕ್ಕೆ ನೆಟ್ಟಗೆ ನಿಂತಿರುವ ಅರೌಕೇರಿಯಾಗಳ ದಾಯಾದಿ. ಟಾಪ್‌ಗೆ ಸ್ಪ್ರೂಸ್ ಅಥವಾ ಸೀಡರ್ ಮಾತ್ರ ಎಂಬ ನಿಯಮವನ್ನು ಆಸ್ಟ್ರೇಲಿಯಾದವರು ಬುನ್ಯಾದಿಂದ ಮುರಿದರು. 2001ರಲ್ಲಿ ಮೆಲ್ಬರ್ನಿನಲ್ಲೇ ಶುರುವಾದ ಕೋಲ್ ಕ್ಲಾರ್ಕ್ ಕೂಡ ಬುನ್ಯಾ ಟಾಪ್, ಬ್ಲ್ಯಾಕ್‌ವುಡ್ ಬೆನ್ನಿನ ಜೋಡಿಗೆ ಹೆಸರಾಗಿದೆ. ಅವರು ನೆಕ್ ಜೋಡಿಸುವುದು ಸ್ಪೇನಿನ ಹಳೆಯ ಕ್ಲಾಸಿಕಲ್ ಗಿಟಾರುಗಳ ಕ್ರಮದಲ್ಲಿ. ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ಇರುವ ಕನ್ನಡಿಗರು ಗಿಟಾರ್ ಕೊಳ್ಳುವುದಾದರೆ ಬೇರೆ ದೇಶದ ಗಿಟಾರಿನತ್ತ ನೋಡುವ ಮೊದಲು ಈ ಎರಡನ್ನು ಮುಟ್ಟಿ ನೋಡಬೇಕು ಎಂಬುದು ನನ್ನ ಆಗ್ರಹ.

ಮಾಡಿದವರು ಯಾರು ಎಂಬ ಇನ್ನೊಂದು ಪ್ರಶ್ನೆಗೆ ಬಂದರೆ ಮತ್ತೆ ಕೆನಡಾಕ್ಕೆ ಹೋಗಬೇಕು. ಟೊರಾಂಟೊದಲ್ಲಿ ಎಡ್ಗರ್ ಮೋನ್ಖ್ ಎಂಬ ಜರ್ಮನ್ ಕುಶಲಕರ್ಮಿ ಕ್ಲಾಸಿಕಲ್ ಗಿಟಾರ್ ಮಾಡುತ್ತಿದ್ದರು. ಅವರ ಬಳಿ ಕಲಿತ ಜೀನ್ ಲಾರಿವೇ 1960ರ ದಶಕದ ಕೊನೆಯಲ್ಲಿ ಸ್ವಂತ ಕೆಲಸ ಶುರು ಮಾಡಿ, ಆಮೇಲೆ ಉಕ್ಕಿನ ತಂತಿಯ ಗಿಟಾರಿಗೆ ತಮ್ಮದೇ ರೀತಿಯ ಒಳಪಟ್ಟಿಗಳ ವಿನ್ಯಾಸ ಕಂಡುಕೊಂಡರು. ಟಾಪ್‌ನ ಒಳಗೆ ಪಟ್ಟಿಗಳು ಎಡಬಲ ಸಮನಾಗಿ ಕೂತಿರುತ್ತವೆ, ದನಿ ಯಾವ ತಂತಿಯ ಕಡೆಗೂ ವಾಲದೆ ಹದವಾಗಿರುತ್ತದೆ. ಲಾರಿವೇ ಬಳಿ ಕಲಿತವರಲ್ಲಿ ಲಿಂಡಾ ಮ್ಯಾಂಜರ್ ಒಬ್ಬರು. ಅಮೆರಿಕದ ಜ್ಯಾಸ್ ಗಿಟಾರ್ ವಾದಕ ಪ್ಯಾಟ್ ಮೆಥೀನಿಗಾಗಿ 42 ತಂತಿಗಳ ಪಿಕಾಸೊ ಗಿಟಾರನ್ನು 1984ರಲ್ಲಿ ಮಾಡಿಕೊಟ್ಟವರು. ಗುರುವಿನಿಂದ ಶಿಷ್ಯರಿಗೆ, ಅವರಿಂದ ಮುಂದಿನವರಿಗೆ ಕೈಗುಣ ಹರಿಯುವ ಘರಾನೆ ಇದು. ಮ್ಯಾಂಜರ್ ಅವರ ಗಿಟಾರ್ ನಮ್ಮಂಥವರ ಕೈಗೆಟುಕದು. ಲಾರಿವೇ ಹೆಸರಿನ ಗಿಟಾರುಗಳು ಈಗ ಕ್ಯಾಲಿಫೋರ್ನಿಯಾದಲ್ಲಿ ತಯಾರಾಗುತ್ತವೆ. ಬಳಸಿದ ಗಿಟಾರ್ ಮಾರುವವರಲ್ಲಿ ಸಿಕ್ಕರೆ, ಅದೇ ದರ್ಜೆಯ ಪ್ರಸಿದ್ಧ ಗಿಟಾರಿಗಿಂತ ಸಾಕಷ್ಟು ಕಡಿಮೆಗೆ ಸಿಗುತ್ತವೆ.

ಜಪಾನಿನ ಗಿಫು ಪ್ರಾಂತ್ಯದ ಕಾನಿ ಎಂಬಲ್ಲಿ ಯೈರಿ ಕಾರ್ಯಾಗಾರವಿದೆ. ತಂದೆ 1935ರಲ್ಲಿ ಆರಂಭಿಸಿದ್ದನ್ನು ಕಜುವೊ ಯೈರಿ ಮುಂದುವರಿಸಿದರು. ಅವರು 2014ರಲ್ಲಿ ತೀರಿಕೊಂಡರೂ ಕೆಲಸ ನಿಂತಿಲ್ಲ. ಅಮೆರಿಕದ ಮಾರುಕಟ್ಟೆಗೆ ಅಲ್ವಾರೆಜ್ ಯೈರಿ ಎಂಬ ಹೆಸರಿನಲ್ಲಿ ಹೋಗುವುದು ಇಲ್ಲಿಂದಲೇ. ಯಂತ್ರಗಳ ಸಾಲಿಲ್ಲದ, ಕೈಕೆಲಸವೇ ಹೆಚ್ಚಾದ ಚಿಕ್ಕ ಜಾಗ ಅದು. ಮರವನ್ನು ವರ್ಷಗಟ್ಟಲೆ ಒಣಗಿಸುತ್ತಾರೆ. ತಮ್ಮ ದೇಶದಲ್ಲಿ ಮಾರಿದ ಗಿಟಾರಿನ ಗುಣಮಟ್ಟಕ್ಕೆ ಕಾಲಮಿತಿಯಿಲ್ಲದ ಖಾತರಿ ಕೊಡುತ್ತಾರೆ. ಮಾಡಿದವರು ತಮ್ಮ ಕೆಲಸದ ಜೊತೆ ಇಷ್ಟು ದೂರ ನಡೆಯುವುದು ಅಪರೂಪ. ನನ್ನ ಬಳಿ ಹಣ ಕೂಡಿದ ದಿನ ನಾನು ಮೊದಲು ಹುಡುಕುವುದು ಒಂದು ಹಳೆಯ ಯೈರಿಯನ್ನು.

ಫುರ್ಖ್‌ನ ಹುಟ್ಟು ಬೇರೆ ರೀತಿಯದು. 1981ರ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತವಿತ್ತು, ಖಾಸಗಿ ಉದ್ಯಮಕ್ಕೆ ಜಾಗವಿರಲಿಲ್ಲ. ಫ್ರಾಂಟಿಷೆಕ್ ಫುರ್ಖ್ ಅಂಥ ಕಾಲದಲ್ಲಿ ಗಿಟಾರ್ ಮಾಡಲು ಕೂತರು. 1989ರ ಕ್ರಾಂತಿಯಲ್ಲಿ ಆಡಳಿತ ಉರುಳಿದ ಮೇಲೆ ಕೆಲಸ ಬಹಿರಂಗವಾಗಿ ಬೆಳೆಯಿತು. ಇಂದು ಮೊರಾವಿಯಾದ ಬರ್ನೊ ನಗರದ ಬಳಿಯ ಹಳ್ಳಿಯೊಂದರಿಂದ ಯುರೋಪಿನ ಅತ್ಯಂತ ಅಚ್ಚುಕಟ್ಟಾದ ಗಿಟಾರುಗಳು ಹೊರಬರುತ್ತವೆ. ಫುರ್ಖ್ ಒಂದನ್ನು ಕೈಯಲ್ಲಿ ಹಿಡಿದಾಗ ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಮೆಟ್ಟಿಲುಗಳ) ಅಂಚಿನ ನುಣುಪು, ನೆಕ್‌ನ ಸಲೀಸು ನೋಡಿಯೇ ಮಾಡಿದವರ ಶ್ರದ್ಧೆ ತಿಳಿಯುತ್ತದೆ.

ಚೀನಾದ ಗಿಟಾರ್ ಎಂದರೆ ಮೂಗು ಮುರಿಯುವವರು ಈಸ್ಟ್‌ಮನ್ ನೋಡಬೇಕು. 1992ರಲ್ಲಿ ಪಿಟೀಲುಗಳಿಂದ ಶುರುವಾದ ಕಂಪನಿ ಅದು. ಪಿಟೀಲಿನ ಉಬ್ಬುಹಲಗೆಗಳನ್ನು ಕೈಯಿಂದ ಕೆತ್ತುವ ಕೌಶಲವನ್ನೇ ಜ್ಯಾಸ್ ನುಡಿಸುವವರ, ಉಬ್ಬಿದ ಟಾಪ್‌ನ ಆರ್ಚ್‌ಟಾಪ್ ಗಿಟಾರುಗಳಿಗೆ ತಂದರು. ಬೇರೆಡೆ ಕೈಗೆಟುಕದ ಕೆತ್ತನೆಯ ಗಿಟಾರ್ ಇವರಲ್ಲಿ ಎಟುಕುತ್ತದೆ. ಎಲೆಕ್ಟ್ರಿಕ್ ಗಿಟಾರುಗಳ ಬಗ್ಗೆ ನನಗೆ ಹೇಳುವುದು ಕಡಿಮೆ, ಆದರೆ ಡ್ಯಾನೆಲೆಕ್ಟ್ರೊ ಹೆಸರು ಬಿಡಲಾರೆ. 1947ರಲ್ಲಿ ನೇಥನ್ ಡೇನಿಯಲ್ ಕಟ್ಟಿದ ಆ ಕಂಪನಿ 1950ರ ದಶಕದಲ್ಲಿ ಮರದ ಚೌಕಟ್ಟಿನ ಮೇಲೆ ಮ್ಯಾಸೊನೈಟ್ ಎಂಬ ಒತ್ತುಹಲಗೆ ಹಚ್ಚಿ, ಲಿಪ್‌ಸ್ಟಿಕ್ ಕೊಳವೆಯೊಳಗೆ ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಭಾಗ) ಕೂರಿಸಿ ಗಿಟಾರ್ ಮಾಡಿತು. ಅಗ್ಗದ ಸಾಮಾನಿನಿಂದ ಹುಟ್ಟಿದ ಆ ದನಿ ಬೇರೆ ಯಾವ ಗಿಟಾರಿನಲ್ಲೂ ಸಿಗುವುದಿಲ್ಲ.

ತೊಡಕುಗಳಿಲ್ಲವೆಂದಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಈ ಹೆಸರುಗಳು ವಿರಳ, ಉಳಿದ ಊರುಗಳಲ್ಲಿ ಇಲ್ಲವೇ ಇಲ್ಲ. ಹೊರದೇಶದಲ್ಲಿರುವ ನೆಂಟರೋ ಗೆಳೆಯರೋ ಬರುವಾಗ ತರಬೇಕು ಇಲ್ಲವೇ ಬಳಸಿದ್ದನ್ನು ಹುಡುಕಬೇಕು. ಮತ್ತೆ ಮಾರಲು ಹೋದರೆ ಹೆಸರು ಗೊತ್ತಿಲ್ಲದ ಕೊಳ್ಳುಗರು ಬೆಲೆ ಇಳಿಸುತ್ತಾರೆ. ಎರಡು ವರ್ಷಕ್ಕೆ ಗಿಟಾರ್ ಬದಲಿಸುವ ಮನಸ್ಸಿದ್ದವರಿಗೆ ಪ್ರಸಿದ್ಧ ಹೆಸರೇ ಲಾಭ. ಇಟ್ಟುಕೊಂಡು ನುಡಿಸುವವರಿಗೆ ಈ ನಷ್ಟ ತಟ್ಟುವುದಿಲ್ಲ.

ಹವೆಯ ವಿಷಯ ಮಾತ್ರ ಗಂಭೀರ. ಗಿಟಾರುಗಳನ್ನು ಸಾಮಾನ್ಯವಾಗಿ ಶೇ. 45ರಿಂದ 50ರ ಆರ್ದ್ರತೆಯಲ್ಲಿ ಜೋಡಿಸಿರುತ್ತಾರೆ. ಮಂಗಳೂರಿನ ಆಷಾಢದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ತಂತಿಗಳನ್ನು ಟಾಪ್‌ಗೆ ಕಟ್ಟಿರುವ ಬ್ರಿಡ್ಜ್‌ನ ಹಿಂದೆ ಹೊಟ್ಟೆ ಬರುತ್ತದೆ, ತಂತಿಗಳು ಮೇಲೇಳುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ಮರ ಕುಗ್ಗಿ, ಫ್ರೆಟ್‌ಗಳ ತುದಿ ಹೊರಚಾಚಿ ಕೈಗೆ ತರಚುತ್ತವೆ, ಟಾಪ್ ಸೀಳಲೂಬಹುದು. ಆದ್ದರಿಂದ ಕರಾವಳಿಯವರಿಗೂ ಬಯಲುಸೀಮೆಯವರಿಗೂ ಪೂರ್ತಿ ಸಾಲಿಡ್ ಗಿಟಾರಿಗಿಂತ ಸಾಲಿಡ್ ಟಾಪ್, ಪದರದ ಬೆನ್ನು ಇರುವ ಸೀಗಲ್‌ನಂಥದ್ದೇ ಹೆಚ್ಚು ಹೊಂದುತ್ತದೆ. ಗಿಟಾರನ್ನು ಪೆಟ್ಟಿಗೆಯಲ್ಲಿಡಿ, ಜೊತೆಗೆ ಒಂದು ಪುಟ್ಟ ಆರ್ದ್ರತಾಮಾಪಕ ಇಡಿ. ಮಳೆಗಾಲಕ್ಕೆ ಸಿಲಿಕಾ ಜೆಲ್, ಬೇಸಿಗೆಗೆ ರಂಧ್ರವಿರುವ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಸಾಕು.

ಹೆಸರು ಯಾವುದೇ ಇರಲಿ, ಕೊಳ್ಳುವಾಗ ಸೌಂಡ್‌ಹೋಲಿನ, ಅಂದರೆ ಟಾಪ್‌ನ ನಡುವಿನ ದುಂಡು ತೂತಿನ, ಅಂಚು ನೋಡಿ. ಟಾಪ್‌ನ ಮೇಲಿನ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೆಯೇ ಇಳಿದಿದ್ದರೆ ಅದು ಸಾಲಿಡ್. ಪದರಗಳು ಕಂಡರೆ ಅಲ್ಲ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೆಕ್‌ನ ಉದ್ದಕ್ಕೂ ದೃಷ್ಟಿ ಹಾಯಿಸಿ. ಸ್ವಲ್ಪ ಬಾಗಿದ್ದರೆ ನೆಕ್‌ನೊಳಗಿನ ಸರಳಾದ ಟ್ರಸ್ ರಾಡ್‌ನಿಂದ ಸರಿಮಾಡಬಹುದು, ತಿರುಚಿದ್ದರೆ ಕೊಳ್ಳಬೇಡಿ. ಹನ್ನೆರಡನೇ ಫ್ರೆಟ್‌ನ ಬಳಿ ದಪ್ಪ ತಂತಿ ಎರಡೂವರೆ ಮಿಲಿಮೀಟರಿಗಿಂತ ಬಹಳ ಮೇಲಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಪಟ್ಟಿ) ಎಷ್ಟು ಉಳಿದಿದೆ ನೋಡಿ. ಇಳಿಸಲು ಸ್ಯಾಡಲೇ ಉಳಿದಿಲ್ಲವಾದರೆ ನೆಕ್ ಬಿಚ್ಚಿ ಕೂರಿಸುವ ದುಬಾರಿ ಕೆಲಸ ಕಾದಿದೆ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ನುಡಿಸಿ. ಅಂಗಡಿಯವರು ಅವಸರ ಮಾಡಿದರೆ ಇನ್ನೊಂದು ದಿನ ಹೋಗಿ.

ಇಷ್ಟೆಲ್ಲ ಹೇಳುವಾಗ ಒಂದು ಆಸೆ ಮತ್ತೆ ಮತ್ತೆ ಮೇಲೆ ಬರುತ್ತದೆ. ಬೆಂಗಳೂರಿನಲ್ಲಿ, ಆರೋವಿಲ್‌ನಲ್ಲಿ, ಕೋಲ್ಕತ್ತಾದಲ್ಲಿ ಒಬ್ಬೊಬ್ಬರಾಗಿ ಕೂತು ಕೈಯಿಂದ ಗಿಟಾರ್ ಮಾಡುವವರು ಇದ್ದಾರೆ. ಲೋಕಕ್ಕೆ ಬೀಟೆ ಕೊಟ್ಟ ನಮ್ಮ ನಾಡಿನಲ್ಲಿ ಹಲಸಿನ ನಾದ ಬಲ್ಲ ವೀಣೆಯ ಕೆಲಸಗಾರರಿದ್ದಾರೆ. ಸಾಗರ, ಸೊರಬ, ಕುಮಟಾಗಳಲ್ಲಿ ಗಂಧದ ತುಂಡಿನೊಳಗಿಂದ ಬಳ್ಳಿ, ಹಕ್ಕಿ, ದೇವರನ್ನು ಬಿಡಿಸುವ ಗುಡಿಗಾರರಿದ್ದಾರೆ. ನೆಡುತೋಪಿನ ಅಕೇಶಿಯಾ ಬೇಕಾದಷ್ಟಿದೆ. ಬಿಲ್ ಮೇ ಅವರಿಗೆ 1946ರಲ್ಲಿ ಇದ್ದದ್ದಕ್ಕಿಂತ ಇದು ಕಡಿಮೆಯ ಸಂಪತ್ತಲ್ಲ. ಗುಡಿಗಾರರ ಮನೆಯ ಹುಡುಗನೋ ಹುಡುಗಿಯೋ ಒಂದೆರಡು ವರ್ಷ ಗಿಟಾರ್ ಕಟ್ಟುವವರ ಬಳಿ ಕಲಿತು ಬಂದು, ಅಕೇಶಿಯಾದ್ದೋ ಹಲಸಿನದ್ದೋ ಬೆನ್ನಿರುವ ಒಂದು ಗಿಟಾರ್ ಮಾಡುತ್ತೇನೆಂದರೆ ಮುಂಗಡ ಕೊಡಲು ನಾನು ಸಿದ್ಧನಿದ್ದೇನೆ. ಮೊದಲ ಗಿಟಾರಿನಲ್ಲಿ ಕುಂದುಗಳಿದ್ದರೂ ಅದನ್ನೇ ತೆಗೆದುಕೊಳ್ಳುತ್ತೇನೆ. ಅಂಥವರು ನಿಮಗೆ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ.